ಬಾಡಿದ ಜುಮುಕಿಗೆ ನೀರು ಬೇಡ

ಬೆಳಗಿನ ಐದೂವರೆ. ಸಾರ್ವಜನಿಕ ಉದ್ಯಾನದ ಗಾಜಿನ ಮನೆಯಲ್ಲಿ ಜುಮುಕಿ ಅಕ್ಕ ಬಾಡಿದ ಗಿಡವಿರುವ ಒಂದು ಕುಂಡದ ಮುಂದೆ ನಿಂತಿದ್ದಾರೆ. ಹಿಂದಿನಿಂದ ಮೇಲ್ವಿಚಾರಕರು ಪೈಪು ಎಳೆದುಕೊಂಡು ಧಾವಿಸುತ್ತಾರೆ.

"ನೀರು ಬೇಡ ಸಾರ್! ಮೊದಲು ಪೈಪು ಕೆಳಗಿಡಿ."

"ಎಲೆ ಎಲ್ಲಾ ಜೋತುಬಿದ್ದಿದೆಯಲ್ರೀ!"

"ಅದಕ್ಕೇ ಬೇಡ ಅಂದಿದ್ದು."

ಅಕ್ಕ ಎರಡನೇ ಗೆಣ್ಣಿನವರೆಗೆ ಬೆರಳನ್ನು ಮಣ್ಣಿಗಿಳಿಸುತ್ತಾರೆ. ಮಣ್ಣು ರೊಚ್ಚೆಯಾಗಿದೆ. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಂಡರೆ ಅದು ಬಿಸಿಲಿನ ಆಯಾಸ, ನೆರಳಿಗಿಟ್ಟರೆ ಸಾಕು. ಒದ್ದೆ ಮಣ್ಣಿನಲ್ಲಿದ್ದೂ ಬೆಳಿಗ್ಗೆ ತಲೆ ಎತ್ತದಿದ್ದರೆ ಬೇರು ಕೊಳೆಯುತ್ತಿದೆ ಎಂದೇ ಅರ್ಥ.

ಗಿಡದ ಹೆಸರು ಫ್ಯೂಷಿಯಾ. ಹೂ ಕಿವಿಯ ಜುಮುಕಿಯಂತೆ ತೂಗುವುದರಿಂದ ಇಲ್ಲಿಯವರಿಗೆ ಜುಮುಕಿ ಹೂ. ಕಸ ಗುಡಿಸಲು ಬಂದು, ಹದಿನಾರು ವರ್ಷದಿಂದ ಅದನ್ನು ಸಾಕುತ್ತಿರುವ ಈಕೆ ಜುಮುಕಿ ಅಕ್ಕ. ದಿನಕ್ಕೆ ನಾನೂರ ಹನ್ನೆರಡು ಕುಂಡಗಳ ಎಲೆ ಮಗುಚಿ ನೋಡುತ್ತಾರೆ. ಬಿಳಿ ನೊಣ ಕೂತಿದ್ದರೆ ಸೋಪಿನ ನೀರಿನಲ್ಲಿ ಒರೆಸುತ್ತಾರೆ. ಅಡಿಯಲ್ಲಿ ಕಿತ್ತಳೆ ಪುಡಿ ಕಂಡರೆ ಅದು ತುಕ್ಕುರೋಗ, ಎಲೆ ಕಿತ್ತು ಸುಡಲೇಬೇಕು. ಬಿಳಿ-ನೇರಳೆ ತಳಿಯ ಮರಿಗಳನ್ನೆಲ್ಲ ಹೋದ ವರ್ಷ ಇದೇ ರೋಗ ನುಂಗಿ ನೀರು ಕುಡಿದಿದೆ. ಉಳಿದಿರುವುದು ಈಗ ಬಾಡಿ ನಿಂತಿರುವ ಈ ತಾಯಿ ಗಿಡವೊಂದೇ. ಇದೂ ಹೋದರೆ ತಳಿಯೇ ಇಲ್ಲ.

ಅಮ್ಮನ ಕಣ್ಣಿನ ಆಪರೇಷನ್‌ಗೆಂದು ಅಕ್ಕ ಮೂರು ದಿನ ರಜೆ ಹಾಕಿದ್ದರು. ಎರಡು ವರ್ಷದಲ್ಲಿ ಅದೇ ಮೊದಲ ರಜೆ. ಗಿಡ ನೋಡಿಕೊಂಡವಳು ಇಲ್ಲೇ ದಿನಗೂಲಿಗೆ ಬರುವ ತಂಗಿ. ಅವಳೀಗ ಬಾಗಿಲ ಬಳಿ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದಾಳೆ.

"ಮಧ್ಯಾಹ್ನ ಬಾಡಿರೋದು ನೋಡಿ ಪಾಪ ಅನ್ನಿಸ್ತು ಅಕ್ಕ. ದಿನಾ ಎರಡೆರಡು ಸಲ ಹಾಕ್ದೆ."

"ಪ್ರೀತಿಯಿಂದ್ಲೇ ಮುಳುಗಿಸಿದ್ದೀಯ. ಅಳ್ಬೇಡ, ಕತ್ತರಿ ಕೊಡು."

ಕುಂಡ ಬೋರಲಾಗುತ್ತದೆ. ಗಬ್ಬು ವಾಸನೆ ಮೂಗಿಗೆ ಬಡಿಯುತ್ತದೆ. ಕಂದು ಬೇರುಗಳ ನಡುವೆ ನಾಲ್ಕೈದು ಮಾತ್ರ ಬೆಳ್ಳಗಿವೆ. ಅಕ್ಕ ಕೊಳೆತದ್ದನ್ನು ಕತ್ತರಿಸಿ, ಕತ್ತರಿಯನ್ನು ಮೊಗ್ಗು ತುಂಬಿದ ಕೊಂಬೆಗೆ ಹಿಡಿದಾಗ ಮೇಲ್ವಿಚಾರಕರು ಕೈ ಅಡ್ಡ ಹಾಕುತ್ತಾರೆ.

"ಭಾನುವಾರ ಪ್ರದರ್ಶನ ಕಣ್ರೀ! ಜನ ಬರೋದೇ ಇದನ್ನ ನೋಡೋಕೆ. ಗಿಡ ಸತ್ರೆ ಯಾರು ಜವಾಬ್ದಾರಿ?"

"ನಾನೇ ಸಾರ್. ನಾಲ್ಕು ಬೇರು ಇಷ್ಟೊಂದು ಹೂವು ಹೊರೋಕಾಗಲ್ಲ."

ಅಡ್ಡ ಬಂದ ಕೈಯನ್ನು ಸರಿಸಿ ಅಕ್ಕ ಕತ್ತರಿ ಆಡಿಸುತ್ತಾರೆ. ಮೊಗ್ಗುಗಳೆಲ್ಲ ಉದುರುತ್ತವೆ. ಮರಳು ಬೆರೆಸಿದ ಹೊಸ ಮಣ್ಣು, ಚಿಕ್ಕ ಕುಂಡ, ನೆರಳಿನ ಮೂಲೆ. ತಳಿ ಉಳಿಯಲೆಂದು, ಕತ್ತರಿಸಿದ ಕೊಂಬೆಗಳಲ್ಲಿ ಆರೋಗ್ಯವಾಗಿದ್ದ ಒಂಬತ್ತು ತುದಿಗಳನ್ನು ಬೇರೆಯಾಗಿ ನೆಡುತ್ತಾರೆ.

ಪ್ರದರ್ಶನದ ದಿನ ಗಿಡದ ಜಾಗ ಖಾಲಿ. ಮೇಲ್ವಿಚಾರಕರು ಅಕ್ಕನ ಜೊತೆ ಮಾತು ಬಿಟ್ಟಿದ್ದಾರೆ. ನೆಟ್ಟ ತುದಿಗಳಲ್ಲಿ ಏಳು ಕಪ್ಪಾಗಿವೆ. ಅಕ್ಕನಿಗೆ ಊಟ ಸೇರುತ್ತಿಲ್ಲ. ಇನ್ನೊಂದು ಗುಟುಕು ನೀರು ಹಾಕಿಬಿಡೋಣವೇ ಎಂದು ಅವರಿಗೂ ಅನಿಸಿದ್ದುಂಟು.

ಕುಂಡ ಬದಲಿಸಿದ ಹದಿಮೂರನೇ ಬೆಳಿಗ್ಗೆ ತಂಗಿಯೇ ಕೂಗುತ್ತಾಳೆ. ತಾಯಿ ಗಿಡದ ಬೋಳು ಕಾಂಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನೀರಿನ ಕ್ಯಾನಿಗೆ ಕೈ ಚಾಚುತ್ತಾರೆ. ತಂಗಿ ಆ ಕೈಯನ್ನು ತಡೆದು, ತಾನೇ ಮಣ್ಣಿಗೆ ಬೆರಳಿಳಿಸುತ್ತಾಳೆ.

"ಇವತ್ತು ಬೇಡ ಅಕ್ಕ. ಇನ್ನೂ ಪಸೆ ಇದೆ."

ಕೂಗು ಕೇಳಿ ಬಂದು ನಿಂತಿದ್ದ ಮೇಲ್ವಿಚಾರಕರ ಕಡೆ ಅಕ್ಕ ತಿರುಗುತ್ತಾರೆ.

"ಸಾರ್, ನಾಳೆ ನಂಗೊಂದು ದಿನ ರಜೆ ಬೇಕು. ಅಮ್ಮನ ಕಣ್ಣು ಮತ್ತೆ ಡಾಕ್ಟರಿಗೆ ತೋರಿಸ್ಬೇಕು. ಇಲ್ಲಿ ಇವಳಿರ್ತಾಳೆ."