ಭಾವನ ವಿಮಾನಕ್ಕೆ ಕರೆಂಟ್ ಬಾರದ್ದು

ಪಂಜ ಎಂಬ ಊರಿನ ನನ್ನ ಭಾವ, ಅಂದರೆ ಅಕ್ಕನ ಗಂಡ, ರಬ್ಬರ್ ಶೀಟ್ ಒತ್ತುವ ಶೆಡ್ಡಿನಲ್ಲಿ ಒಬ್ಬರೇ ಕೂರುವ ವಿಮಾನ ಕಟ್ಟಿದರು. ಅಲ್ಯೂಮಿನಿಯಂ ಪೈಪು, ಬಟ್ಟೆಯ ರೆಕ್ಕೆ, ಸೀಟಿನ ಹಿಂದೆ ಟೂ ಸ್ಟ್ರೋಕ್ ಎಂಜಿನ್. ರೆಕ್ಕೆ ಕೂರಿಸುವವರೆಗೂ ಎಂಜಿನ್ ಊರಿಗೆಲ್ಲ ಕೇಳುವಂತೆ ಓಡುತ್ತಿತ್ತು. ಕೂರಿಸಿದ ಮರುದಿನವೇ ಸತ್ತುಹೋಯಿತು. ಭಾನುವಾರ ಹಾರುತ್ತೇನೆಂದು ಭಾವ ಅಷ್ಟರಲ್ಲಿ ಊರಿಡೀ ಹೇಳಿಯಾಗಿತ್ತು.

ಪುತ್ತೂರಿನಲ್ಲಿ ಬೈಕು, ತೋಟಕ್ಕೆ ಔಷಧಿ ಬಿಡುವ ಪಂಪು ರಿಪೇರಿ ಮಾಡುವ ನನಗೆ ಭಾವನ ಫೋನ್ ಬಂತು. "ಪ್ಲಗ್ಗಿಗೆ ಕರೆಂಟೇ ಬರುದಿಲ್ಲ ಮಾರಾಯ. ನಾಲ್ಕು ಪ್ಲಗ್ ಬದಲಿಸಿದೆ."

ನನಗೆ ಒಳಗೊಳಗೇ ಖುಷಿ. ಭಾವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರುವ ಸಂದರ್ಭ ಅಕ್ಕನ ಮದುವೆಯಾದಾಗಿನಿಂದ ಬಂದಿರಲಿಲ್ಲ.

ಶನಿವಾರ ಹೋದೆ. ಪ್ಲಗ್ ಬಿಚ್ಚಿ, ಎಂಜಿನ್ ಹೆಡ್ಡಿಗೆ ತಾಗಿಸಿ ಹಗ್ಗ ಎಳೆದೆ. ಕಿಡಿ ಇಲ್ಲ. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ವಯರು ಕಳಚಿ ಮತ್ತೆ ಹಗ್ಗ ಎಳೆದೆ. ಚಟ್ಟೆಂದು ನೀಲಿ ಕಿಡಿ! ಅಲ್ಲಿಗೆ ಕಾಯಿಲ್ ಸರಿ ಇದೆ, ಆ ವಯರೇ ಎಲ್ಲೋ ಪೈಪಿಗೆ ತಾಗಿ ಕರೆಂಟು ತಿನ್ನುತ್ತಿದೆ ಎಂದಾಯಿತು. ವಯರಿನುದ್ದಕ್ಕೂ ಕೈಯಾಡಿಸುತ್ತ ಹೋದರೆ ಸೀಟಿನಡಿಯಲ್ಲಿ ಸೀರೆಗೆ ಹಾಕುವ ಪಿನ್ನು. ಯಾರೋ ಅದನ್ನು ವಯರಿಗೆ ಚುಚ್ಚಿ ಪೈಪಿಗೆ ಒತ್ತಿಟ್ಟಿದ್ದರು. ಎಂಜಿನ್ ನಿಲ್ಲುದು ಹೇಗೆಂದು ಅಕ್ಕ ಫೋನಿನಲ್ಲಿ ಕೇಳಿದ್ದು ನೆನಪಾಯಿತು. ವಿವರವಾಗಿ ಹೇಳಿಕೊಟ್ಟವ ನಾನೇ.

ಚಾ ತಂದ ಅಕ್ಕನ ಬಳೆಯಲ್ಲಿ ಅಂಥವೇ ಮೂರು ಪಿನ್ನು ನೇತಾಡುತ್ತಿದ್ದವು. ಭಾವ ಗದ್ದೆಯಲ್ಲಿ ವಿಮಾನ ಓಡುವ ಜಾಗ ಅಳೆಯುತ್ತಿದ್ದರು.

"ಎಂತ ಅಕ್ಕ ಇದು? ಭಾವನ ಮರ್ಯಾದೆ ಎಂತ ಆಗ್ಬೇಕು?" ಎಂದು ಪಿನ್ನು ಎಳೆಯಲು ಹೋದೆ.

"ತೆಗಿ, ತೆಗಿ," ಎಂದಳು ತಣ್ಣಗೆ. "ಅವರು ಹಾರ್ಲಿಕ್ಕೆ ಕಲ್ತದ್ದು ಮೊಬೈಲ್ ನೋಡಿ. ಬಿದ್ರೆ ನಾನೆಂತ ಮಾಡುದು? ಅದಿರ್ಲಿ, ನಿನ್ನ ಅಂಗಡಿಯಲ್ಲಿ ರಿಪೇರಿ ಆದ ಬೈಕು ಮೊದಲು ಓಡಿಸಿ ನೋಡುದು ಯಾರು?"

"ನಾನೇ."

"ಹಾಗಾದ್ರೆ ನಾಳೆ ಇದರಲ್ಲಿಯೂ ಮೊದಲು ನೀನೇ ಕೂತ್ಕೊ. ಭಾವನಿಗೆ ನಾನು ಹೇಳ್ತೇನೆ."

ತಲೆಯೆತ್ತಿ ನೋಡಿದೆ. ರೆಕ್ಕೆಯ ಹೊಲಿಗೆ ಒಂದು ಕಡೆ ಸೊಟ್ಟಗಿತ್ತು. ಅದುವರೆಗೆ ನನಗದು ಕಂಡೇ ಇರಲಿಲ್ಲ. ಐದು ನಿಮಿಷದ ಹಿಂದೆ ಅದೇ ಸೀಟಿನಲ್ಲಿ ಭಾವನನ್ನು ಕೂರಿಸಿ, ಕೆಳಗೆ ನಿಂತು ಚಪ್ಪಾಳೆ ತಟ್ಟಲು ತಯಾರಾಗಿದ್ದವ ನಾನು. ನಾಚಿಕೆಯಾಯಿತು. ಪಿನ್ನನ್ನು ಇನ್ನಷ್ಟು ಒತ್ತಿ, ಕಳಚಿದ್ದ ವಯರು ಮೊದಲಿನಂತೆ ಸಿಕ್ಕಿಸಿದೆ.

ಭಾವ ಬೆವರು ಒರೆಸುತ್ತ ಬಂದರು. "ಎಂತ, ಸಿಕ್ಕಿತಾ?"

"ಇಲ್ಲ ಭಾವ. ಇದು ನನಗೆ ತಿಳಿಯುದಿಲ್ಲ."

"ನಾನು ಆಗಲೇ ಹೇಳಿದ್ದೆ, ಇವನಿಂದ ಆಗುದಲ್ಲ ಅಂತ," ಎಂದರು ಅಕ್ಕನ ಕಡೆ ತಿರುಗಿ.

"ಹೌದು, ಪಾಪ," ಎಂದಳು ಅಕ್ಕ.