ನಾಲ್ಕೆಳೆ ಜಡೆ

ದೆವ್ವ, ಆತ್ಮ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವಳು ನಾನು. ಬಾಯಿ ಬಿಟ್ಟುಕೊಂಡು ಕೇಳುವವರನ್ನೂ ಬಿಡದೆ ಗೇಲಿ ಮಾಡುತ್ತಿದ್ದೆ. ಇವತ್ತು ನೀವು ನನ್ನನ್ನು ಗೇಲಿ ಮಾಡಿದರೆ ಬೇಸರವಿಲ್ಲ.

ನಾಗಪುರದ ಲಕ್ಷ್ಮೀ ನಗರದಲ್ಲಿ ನನ್ನ ಮನೆ. ಸರ್ಕಾರಿ ನೌಕರಿ, ಒಂಟಿ ಜೀವ. ಕೆಲವು ವರ್ಷಗಳ ಹಿಂದೆ ನನ್ನ ತಂಗಿ ತನ್ನ ಮಗಳನ್ನು ಟ್ಯೂಷನ್ನಿನಿಂದ ಸ್ಕೂಟರಿನಲ್ಲಿ ಕರೆತರುವಾಗ ಟ್ರಕ್ಕು ಬಡಿಯಿತು. ತಂಗಿ ಅಲ್ಲೇ ಹೋದಳು. ಹದಿನಾಲ್ಕರ ಶಾಲ್ಮಲಾ ಬಲಭುಜದ ಎಲುಬು ಮುರಿದುಕೊಂಡು ಉಳಿದಳು. ಅವಳಪ್ಪನಿಗೆ ಮೌದಾದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ. ಮಗಳನ್ನು ನನ್ನ ಮನೆಯಲ್ಲಿ ತಂದುಬಿಟ್ಟ.

ಹದಿಮೂರನೆಯ ದಿನ ಸಿಹಿ ಉಣ್ಣಲೇಬೇಕಲ್ಲ. ಧಾರವಾಡದಿಂದ ಬಂದ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ಶಾಲ್ಮಲಾಳ ಎಲೆಗೆ ಹೋಳಿಗೆ ಹಾಕುತ್ತ ನಾನು, "ಅವತ್ತ ನೀ ಆಟೋದಾಗ ಬಂದಿದ್ರ ನನ್ನ ತಂಗಿ ಇವತ್ತ ಇರ್ತಿದ್ಲು" ಎಂದೆ. ಬಾಯಿ ತಪ್ಪಿ ಬಂತು ಎಂದರೆ ಸುಳ್ಳಾಗುತ್ತದೆ. ಬೇಕೆಂದೇ ಆಡಿದೆ. ಯಾರ ಮೇಲಾದರೂ ತಪ್ಪು ಹೊರಿಸಬೇಕಿತ್ತು, ಅವಳು ಕೈಗೆ ಸಿಕ್ಕಳು. ಅವಳು ಎದ್ದು ಹೋಗಲಿಲ್ಲ. ಎಡಗೈಯಲ್ಲಿ ಮುರಿದು ಮುರಿದು ಆ ಹೋಳಿಗೆಯನ್ನು ಪೂರ್ತಿ ತಿಂದಳು.

ಅಂದಿನಿಂದ ಅವಳ ಮಾತು ನಿಂತಿತು. ತಲೆ ಮುಟ್ಟಲು ಯಾರಿಗೂ ಬಿಡಲಿಲ್ಲ, ಕೂದಲು ಗಂಟುಗಂಟಾಯಿತು. ಎರಡು ಸಲ ಮನೆ ಮೇಲಿನ ಗಚ್ಚಿಯ ಅಂಚಿನಲ್ಲಿ ನಿಂತಿದ್ದವಳನ್ನು ಎದುರುಮನೆಯ ಮರಾಠಿ ಕಾಕೂ ಕೆಳಗೆ ಕರೆತಂದರು. ಆಮೇಲೆ ನಾನು ಆಫೀಸಿಗೆ ಹೋದಾಗಲೆಲ್ಲ ಮಧ್ಯಾಹ್ನ ಅವಳನ್ನು ತಮ್ಮಲ್ಲಿಗೆ ಕರೆದು, ಕೂಲರ್ ಮುಂದೆ ಕೂರಿಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಅವಳಪ್ಪ ರಜೆಯ ದಿನ ಬಂದು ಸುಮ್ಮನೆ ಪಕ್ಕದಲ್ಲಿ ಕೂತು ಹೋಗುತ್ತಿದ್ದ. ಅವಳನ್ನು ಹಿಡಿದಿಟ್ಟವರು ಅವರಿಬ್ಬರೇ. ನಾನು ಮೂರು ಹೊತ್ತು ಅನ್ನ ಹಾಕಿದೆ, ಅಷ್ಟೇ.

ಮೇ ತಿಂಗಳ ಒಂದು ಸಂಜೆ ಆಫೀಸಿನಿಂದ ಬಂದೆ. ಶಾಲ್ಮಲಾ ಬಾಗಿಲು ತೆಗೆದು, "ದೊಡ್ಡವ್ವ, ಚಹಾ ಮಾಡ್ಲೇನು?" ಎಂದಳು. ಎರಡು ತಿಂಗಳ ಮೇಲೆ ಕೇಳಿದ ದನಿ. ತಿರುಗಿದಾಗ ಬೆನ್ನ ಮೇಲೆ ಜಡೆ ಕಂಡಿತು. ಗಂಟೆಲ್ಲ ಬಿಡಿಸಿ, ಎಣ್ಣೆ ಹಚ್ಚಿ, ನನ್ನ ತಂಗಿ ಹಾಕುತ್ತಿದ್ದ ನಾಲ್ಕೆಳೆ ಜಡೆ. ಅದು ನಮ್ಮ ಮನೆಯಲ್ಲಿ ತಂಗಿಯೊಬ್ಬಳಿಗೇ ಬರುತ್ತಿತ್ತು.

ಯಾರು ಹಾಕಿದರು ಎಂದು ಕೇಳಿದೆ. ಅವಳು ನಕ್ಕಳು. "ಮಧ್ಯಾಹ್ನ ಬಂದು ನೀನ ಹಾಕಿದ್ಯಲ್ಲ."

ಅಂದು ಆಫೀಸಿನಲ್ಲಿ ನಾನು ಬೆಳಿಗ್ಗೆ ಹತ್ತು ಗಂಟೆಯಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಪಕ್ಕದ ಮೇಜಿನವರೇ ಸಾಕ್ಷಿ. ಕಾಕೂ ಇರಬೇಕೆಂದು ಅವರಲ್ಲಿಗೆ ಓಡಿದೆ. "ನಾನು ತಲೆ ಮುಟ್ಟಿಲ್ಲ, ಬರುವಾಗಲೇ ಜಡೆ ಹಾಗಿತ್ತು, ನೀವೇ ಹಾಕಿದ್ದೀರಿ ಅಂದುಕೊಂಡೆ" ಎಂದರು. ಹುಡುಗಿಯ ಬಲಗೈ ಇನ್ನೂ ಪಟ್ಟಿಯಲ್ಲಿ ತೂಗುತ್ತಿತ್ತು. ಅಲ್ಲಿಂದ ಅವಳು ಚೇತರಿಸಿಕೊಂಡಳು, ಶಾಲೆಗೆ ಹೋದಳು. ನಾನು ಹಾಕಿಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಈಗ ಅವಳು ಪುಣೆಯಲ್ಲಿ ಓದುತ್ತಾಳೆ. ಹೋದ ದೀಪಾವಳಿಗೆ ಬಂದಾಗ ನನ್ನ ಪಕ್ಕದಲ್ಲಿ ಕೂತು ಹೇಳಿದಳು: "ಅವತ್ತ ಜಡಿ ಹಾಕೋವಾಗ ನೀ ಅಳಕೋತ, ತಪ್ಪ ನಿಂದಲ್ಲ ಅಂದಿ. ಅಷ್ಟ ಅಂದಿರ್ಲಿಲ್ಲಂದ್ರ ನಾ ಮತ್ತ ಗಚ್ಚಿ ಹತ್ತಾಕಿದ್ದೆ, ದೊಡ್ಡವ್ವ."

ನಾನು ಹೂಂ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಅಂದು ಬಂದವರು ಯಾರು, ನನಗೆ ಇವತ್ತಿಗೂ ತಿಳಿದಿಲ್ಲ. ಇಷ್ಟು ಮಾತ್ರ ಬಲ್ಲೆ: ಆ ಮಧ್ಯಾಹ್ನ ನಾನು ಮನೆಯಲ್ಲೇ ಇದ್ದಿದ್ದರೂ ತಪ್ಪು ನಿನ್ನದಲ್ಲ ಎಂಬ ಆ ಮಾತು ಆಡುತ್ತಿರಲಿಲ್ಲ.