ಅವ್ವನ ಪಾಸು ಭಾರತದ್ದು, ನನ್ನದು ನೆದರ್ಲ್ಯಾಂಡ್ಸಿನದು

ಅರ್ಧ ದಿನದ ರಜೆ, ಐದು ಇಮೇಲು, ಅವ್ವನ ಬಾಯಿಂದ ಬಿದ್ದ ಒಂದು ಚುಚ್ಚುಮಾತು. ಟಿಕೆಟ್ಟಿನ ದುಡ್ಡಲ್ಲದೆ ನನ್ನ ಯುರೋಪು ರೈಲು ಪಾಸಿಗೆ ನಾನು ತೆತ್ತ ಬೆಲೆ ಇಷ್ಟು. ಕಾರಣ, ಫಾರಂನಲ್ಲಿದ್ದ ಒಂದೇ ಒಂದು ಖಾನೆ: ನೀವು ವಾಸಿಸುವ ದೇಶ ಯಾವುದು? ನಾಲ್ಕು ವರ್ಷದಿಂದ ನೆದರ್ಲ್ಯಾಂಡ್ಸಿನ ನ್ಯೂವೆಗೈನ್‌ನಲ್ಲಿ ಮನೆ ಮಾಡಿ, ಇಲ್ಲಿಯ ತೆರಿಗೆ ಕಟ್ಟಿ, ಇಲ್ಲಿಯ ಎದುರುಗಾಳಿಗೆ ಸೈಕಲ್ ತುಳಿಯುವ ನಾನು ಯೋಚನೆಯನ್ನೇ ಮಾಡದೆ 'ಭಾರತ' ಎಂದು ಒತ್ತಿದ್ದೆ.

ಒತ್ತುವಾಗ, ಊರಿಂದ ಬಂದಿದ್ದ ಅವ್ವ ಪಕ್ಕದಲ್ಲೇ ಕೂತಿದ್ದಳು. "ಗದಗ ಅಂತ ಬರಿ. ಮತ್ತೇನ್ ಬರೀತಿ?" ಅಂದಳು. ನಮ್ಮ ಕಡೆ ಯಾವೂರು ಎಂದು ಕೇಳಿದರೆ ಹಿರಿಯರಿರುವ ಊರನ್ನೇ ಹೇಳುವುದು ರೂಢಿ. ಮಲಗಿ ಏಳುವ ಊರನ್ನು ಯಾರು ಹೇಳುತ್ತಾರೆ?

ಹೊರಟಿದ್ದು ವಿಯೆನ್ನಾಕ್ಕೆ. ಅಲ್ಲಿರುವ ತಂಗಿ ರೇಣುಕಾಗೆ ಏಳನೇ ತಿಂಗಳು. ಶನಿವಾರ ಕುಬಸ. ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಒಯ್ದು ಉಡಿ ತುಂಬಬೇಕು. ಅಪ್ಪ ತೀರಿಕೊಂಡ ಮೇಲೆ ಅವ್ವ ಯಾರಿಗೂ ಉಡಿ ತುಂಬುವುದಿಲ್ಲ, ಎಷ್ಟು ಜಗಳಾಡಿದರೂ ಕೇಳುವುದಿಲ್ಲ. ಆದ್ದರಿಂದ ನಾನು ಹೋಗಲೇಬೇಕಿತ್ತು. ವಿಮಾನದಲ್ಲಿ ಬುತ್ತಿಯ ತೂಕಕ್ಕೂ ದುಡ್ಡು ಕೇಳುತ್ತಾರೆ, ರೈಲಿನಲ್ಲಿ ಎಷ್ಟು ಗಂಟು ಹೊತ್ತರೂ ಕೇಳುವವರಿಲ್ಲ. ಗದಗಿನ ಭಾಂಡೆ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ವ್ಯಾಪಾರ ಕಲಿತವಳಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಇಬ್ಬರಿಗೂ ಪಾಸು ಕೊಂಡು, ಚಾಲೂ ಮಾಡುವ ಮುನ್ನ ಕೊನೆಯ ಸಣ್ಣಕ್ಷರ ಓದಿದೆ. ಪಾಸಿನಲ್ಲಿ ಎರಡು ಜಾತಿ: ಯುರೋಪಿನ ನಿವಾಸಿಗಳದ್ದೊಂದು, ಹೊರಗಿನಿಂದ ಬಂದವರದ್ದೊಂದು. ನೋಡುವುದು ವಾಸವನ್ನು, ಪಾಸ್‌ಪೋರ್ಟಿನ ಬಣ್ಣವನ್ನಲ್ಲ. ನನ್ನ ಕೈಯಲ್ಲಿದ್ದದ್ದು ನನಗೆ ಸಲ್ಲದ ಪಾಸು. ಸುಮ್ಮನೆ ಹತ್ತಿಬಿಡೋಣವೇ ಎಂಬ ಆಸೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೆ ನಡುದಾರಿಯಲ್ಲಿ ಇಳಿಸಿದರೆ ರೇಣುಕಾಗೆ ಉಡಿ ತುಂಬುವವರು ಯಾರು?

ಪಾಸು ಮಾರಿದವರಿಗೆ ಬರೆದೆ. ಚಾಲೂ ಆಗಿಲ್ಲದ್ದರಿಂದ ಬದಲಿಸಿಕೊಡುತ್ತೇವೆ, ವಾಸದ ಪುರಾವೆ ಕಳಿಸಿ ಅಂದರು. ಊರಲ್ಲಿ ಎಲ್ಲದಕ್ಕೂ ನಡೆಯುವ ಅಸ್ತ್ರ ಬಿಟ್ಟೆ: ಲೈಟ್ ಬಿಲ್ಲು, ಬಾಡಿಗೆ ಕರಾರು. ಸರ್ಕಾರ ಕೊಟ್ಟ ಕಾಗದವೇ ಬೇಕೆಂದು ಉತ್ತರ ಬಂತು. ಅಷ್ಟರಲ್ಲಿ ಬುಧವಾರ. ಶುಕ್ರವಾರ ಬೆಳಿಗ್ಗೆ ರೈಲು.

ರಜೆ ಹಾಕಿ, ಅವ್ವನನ್ನೂ ಕರೆದುಕೊಂಡು ಖೆಮೇಂಟೆಗೆ, ಅಂದರೆ ಇಲ್ಲಿಯ ಪುರಸಭೆಗೆ, ನಡೆದೆ. ಕೌಂಟರಿನ ಹೆಂಗಸು ಮೊದಲು ಕೇಳಿದ್ದು "ಆಫ್‌ಸ್ಪ್ರಾಕ್ ಇದೆಯಾ?" ಎಂದು. ಮೊದಲೇ ಗೊತ್ತು ಮಾಡಿಕೊಂಡ ಸಮಯ ಅಂತ ಅರ್ಥ, ಅದಿಲ್ಲದೆ ಈ ದೇಶದಲ್ಲಿ ಕ್ಷೌರವೂ ಆಗುವುದಿಲ್ಲ.

"ಇಲ್ಲ. ಎರಡು ನಿಮಿಷ ಸಾಕು. ನಾನು ಇಲ್ಲೇ ಇದ್ದೇನೆ ಅಂತ ಒಂದು ಕಾಗದ ಕೊಡಿ." ನನ್ನ ಹರಕು ಡಚ್ಚಿನಲ್ಲಿ ಹೇಳಿದೆ.

"ಯಾತಕ್ಕೆ?"

ಹೇಳಿದೆ. ಅವಳು ನನ್ನ ತೆರೆದ ಪರ್ಸಿನತ್ತ ಬೆರಳು ತೋರಿಸಿದಳು. "ಆ ಕಾರ್ಡು ಕೊಟ್ಟದ್ದು ಸರ್ಕಾರವೇ ತಾನೇ?"

ನನ್ನ ನಿವಾಸ ಪರವಾನಗಿ! ನಾಲ್ಕು ವರ್ಷದಿಂದ ಪರ್ಸಿನಲ್ಲೇ ಇತ್ತು. ಅದು ನನ್ನನ್ನು ಇರಗೊಡುವ ಚೀಟಿ ಎಂದುಕೊಂಡಿದ್ದೆನೇ ಹೊರತು, ನಾನು ಇಲ್ಲಿಯವಳೆಂಬುದಕ್ಕೆ ಸಾಕ್ಷಿಯಾದೀತೆಂದು ಹೊಳೆದೇ ಇರಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಕೂತು ಕಾರ್ಡಿನ ಎರಡೂ ಬದಿ ಫೋಟೋ ತೆಗೆದು ಕಳಿಸಿದೆ. ಅವ್ವ ಎಲ್ಲವನ್ನೂ ನೋಡುತ್ತಿದ್ದಳು.

"ಏನಂದ್ಲು ಆಕಿ?"

"ನಾ ಇಲ್ಲ್ಯಾಕಿ ಅನ್ನಾಕ ಈ ಕಾರ್ಡ್ ಸಾಕಂತ ಅವ್ವಾ."

ಅವ್ವ ಸೆರಗು ಸರಿ ಮಾಡಿಕೊಂಡಳು. "ಹಂಗಾರ ತವರಿಂದ ಕುಬಸ ಒಯ್ಯಾಕಿ ನಾ ಒಬ್ಬಾಕಿನ ಆತು."

"ಸಜ್ಜಿ ರೊಟ್ಟಿ ಬಡದಾಕಿ ಯಾರು? ನಾ ಅಲ್ಲೇನು?"

"ರೊಟ್ಟಿ ಬಡಿಯಾಕ ಕಾರ್ಡ್ ಬೇಕಾಗಿಲ್ಲ ಬಿಡು."

ಹೊಸ ಪಾಸು ಗುರುವಾರ ಮಧ್ಯಾಹ್ನ ಬಂತು. ಶುಕ್ರವಾರ ಜರ್ಮನಿಯಲ್ಲಿ ರೈಲಿನ ಅಧಿಕಾರಿ ಅವ್ವನ ಪಾಸ್‌ಪೋರ್ಟು ನೋಡಿ ತಲೆಯಾಡಿಸಿದ. ನನ್ನದೂ ಭಾರತದ್ದೇ, ಪಾಸು ಮಾತ್ರ ಇಲ್ಲಿಯ ನಿವಾಸಿಗಳದ್ದು ಎಂದು ನೋಡಿ ಹುಬ್ಬೇರಿಸಿದ. ಕಾರ್ಡು ತೋರಿಸಿದೆ. "ಒಂದೇ ಮನೆಯವರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೌದೆಂದೆ. ಅವ್ವ ಕಿಟಕಿಯಾಚೆ ನೋಡಿದಳು.

ಶನಿವಾರ ರೇಣುಕಾ ಹಸಿರುಟ್ಟು ಮಣೆಯ ಮೇಲೆ ಕೂತಳು. ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದು ನಾನು ಅವ್ವನ ಮುಖ ನೋಡಿದೆ. ತವರು ಅವ್ವನೊಬ್ಬಳದೇ ಆದರೆ ನನ್ನ ಕೈಯ ಉಡಿಗೆ ಏನು ಅರ್ಥ? ಅವ್ವ ಗೋಡೆಗೆ ಒರಗಿ ನಿಂತಿದ್ದಳು. "ಏನ್ ನೋಡ್ತಿ? ತವರಿನ ಉಡಿ, ನೀನ ತುಂಬು," ಅಂದಳು. ತುಂಬಿದೆ. ನಾನು ಯಾವ ದೇಶದವಳೆಂದು ಈಗಲೂ ನಿಕ್ಕಿಯಾಗಿ ಗೊತ್ತಿಲ್ಲ.

ಈಗ ನಿಮಗೆ. ಇಲ್ಲಿ ಪರವಾನಗಿ ಮೇಲೆ ಇದ್ದೀರಾದರೆ ನಿವಾಸಿಗಳ ಪಾಸನ್ನೇ ಕೊಳ್ಳಿ. ಕಾರ್ಡು, ಪಾಸ್‌ಪೋರ್ಟು ಎರಡನ್ನೂ ಜೊತೆಗಿಡಿ, ಲೈಟ್ ಬಿಲ್ಲು ಮನೆಯಲ್ಲೇ ಇರಲಿ. ಆ ಪಾಸಿನಲ್ಲಿ ವಾಸದ ದೇಶದೊಳಗೆ ಹೊರಡಲು ಒಮ್ಮೆ, ಮರಳಲು ಒಮ್ಮೆ ಮಾತ್ರ ಬಿಡುತ್ತಾರೆ. ಊರಿಂದ ಬಂದವರು ತಮ್ಮ ಪಾಸಿನಲ್ಲೇ ಆಮ್ಸ್ಟರ್‌ಡ್ಯಾಮ್ ಸುತ್ತಿ ಬರುತ್ತಾರೆ, ಜೊತೆಗೆ ಹೋಗುವ ನೀವು ಬೇರೆ ಟಿಕೆಟ್ ತೆಗೆಯಬೇಕು. ಸಣ್ಣಕ್ಷರ ಓದದೆ ಚಾಲೂ ಮಾಡಬೇಡಿ. ಮತ್ತೆ, ವಾಸದ ದೇಶದ ಖಾನೆ ತುಂಬುವಾಗ ತಾಯಿ ಪಕ್ಕದಲ್ಲಿದ್ದರೆ, ಚಹಾ ಮಾಡಲು ಒಳಗೆ ಕಳಿಸಿ.